ಸ್ಪಿರಿಟ್ ಹಾಯಿಸಿದ ಸಿರಿಂಜು

೩ ಮಾರ್ಚ್ ೧೯೬೧, ಶುಕ್ರವಾರ

ಇವತ್ತೂ ಐದೇ ಜನ. ಆಫ್ರಿಕಾಕ್ಕೆ ಹೊರಟವರಿಗೆ ಹಳದಿ ಜ್ವರದ ಸೂಜಿ ಶುಕ್ರವಾರ ಮಾತ್ರ. ಸಿರಿಂಜು ಇಪ್ಪತ್ತು ನಿಮಿಷ ಕುದಿಸಿದೆ. ಆಮೇಲೆ ಎರಡು ಸಲ ಸ್ಪಿರಿಟ್ ಹಾಯಿಸಿದೆ. ಯಶವಂತಪುರದಲ್ಲಿ ನನ್ನಷ್ಟು ಚೊಕ್ಕಟದ ಕಾಂಪೌಂಡರ್ ಇನ್ನೊಬ್ಬನಿಲ್ಲ. ನಮ್ಮ ಆಸ್ಪತ್ರೆಯ ಆವಲಪ್ಪ ಡಾಕ್ಟರೇ ಹೇಳುತ್ತಾರೆ — "ನರಸಿಂಹಯ್ಯ, ಸೂಜಿಗೂ ಮಡಿ ಉಡಿಸ್ತೀರ ಕಣ್ರೀ."

ಕೊನೆಗೆ ಬಂದವರು ಹೆಬ್ಬಾಳದ ನಮ್ಮ ಪಕ್ಕದ ಮನೆಯ ಮೊಯಿನುದ್ದೀನ್ ಮೇಷ್ಟ್ರು. ಇಥಿಯೋಪಿಯಾದಲ್ಲಿ ಲೆಕ್ಕ ಹೇಳಿಕೊಡುವ ಕೆಲಸ ಸಿಕ್ಕಿದೆ. ಅಲ್ಲಿ ಈಗ ಹಳದಿ ಜ್ವರ ಎದ್ದಿದೆಯಂತೆ. ಸೊಳ್ಳೆಯಿಂದ ಹರಡುವುದು. ಕಣ್ಣು ಹಳದಿ, ಕರಿ ವಾಂತಿ...

"ಇದು ಗ್ಯಾರಂಟಿನಾ, ನರಸಿಂಹಯ್ಯನವ್ರೇ?"

"ಹತ್ತು ದಿನ ಕಳೀಲಿ ಮೇಷ್ಟ್ರೇ. ಆಮೇಲೆ ಸೊಳ್ಳೇನೇ ನಿಮ್ಮನ್ನ ನೋಡಿ ಓಡುತ್ತೆ."

ನಕ್ಕರು. ಲಸಿಕೆ ಕಾರ್ಡಿಗೆ ಸೀಲ್ ಒತ್ತಿದೆ.

೧೯ ಮಾರ್ಚ್

ಮೇಷ್ಟ್ರು ಬೊಂಬಾಯಿ ರೈಲು ಹತ್ತಿದರು. ಅಲ್ಲಿಂದ ಹಡಗು. ಅವರ ಹೆಂಡತಿ ಕುಬ್ರಾಗೆ ಐದು ತಿಂಗಳು. ಅಳಲಿಲ್ಲ. ಗಟ್ಟಿಗಿತ್ತಿ.

೧೪ ಏಪ್ರಿಲ್, ಶುಕ್ರವಾರ

ಲಸಿಕೆಯ ಹೊಸ ಪೆಟ್ಟಿಗೆ ಬಂತು. ಒಳಗಿರುವ ಇಂಗ್ಲಿಷ್ ಚೀಟಿಯನ್ನು ಯಾವತ್ತೂ ಓದಿದವನಲ್ಲ, ಡ್ರಾಯರಿಗೆ ಹಾಸುತ್ತಿದ್ದೆ. ಇವತ್ತು ಹಾಸುವಾಗ ಒಂದು ಸಾಲು ಕಣ್ಣಿಗೆ ಬಿತ್ತು. ಸಿರಿಂಜಿನಲ್ಲಿ ಸ್ಪಿರಿಟ್ ಉಳಿದಿರಕೂಡದು. ಇದು ಜೀವಂತ ಲಸಿಕೆ, ಸ್ಪಿರಿಟ್ ತಗುಲಿದರೆ ಸಾಯುತ್ತದೆ.

ಮೂರು ಸಲ ಓದಿದೆ. ಡಿಕ್ಷನರಿ ತೆಗೆದೂ ನೋಡಿದೆ. ಅರ್ಥ ಬದಲಾಗಲಿಲ್ಲ.

ಎರಡು ವರ್ಷದಿಂದ ಎಷ್ಟು ತೋಳುಗಳು... ಎಲ್ಲರಿಗೂ ಸತ್ತ ಔಷಧಿ. ಅದರ ಮೇಲೆ ನನ್ನ ಸೀಲು.

೧೫ ಏಪ್ರಿಲ್

ಡಾಕ್ಟರಿಗೆ ಹೇಳಿದೆ. ಎದ್ದು ಬಾಗಿಲು ಹಾಕಿದರು.

"ಪೂರ್ತಿ ಸತ್ತೇ ಹೋಗಿರುತ್ತೆ ಅಂತ ಏನ್ರೀ ಖಾತ್ರಿ? ಇನ್ಮೇಲೆ ಸ್ಪಿರಿಟ್ ಬೇಡ. ಸೂಜಿ ಹಾಕಿಸ್ಕೊಂಡು ಹೋದೋರ ವಿಷಯ ಬಾಯಿ ಬಿಡಬೇಡಿ. ಇಬ್ಬರ ಕೆಲಸಾನೂ ಹೋಗುತ್ತೆ."

ಆಗಲಿ ಎಂದು ಬಂದೆ. ನಾನು ಹೇಡಿ.

೨ ಮೇ

ಕುಬ್ರಾಳಿಂದ ಮೇಷ್ಟ್ರ ವಿಳಾಸ ತಂದೆ. "ಅಲ್ಲೇ ಇನ್ನೊಂದು ಸೂಜಿ ಹಾಕಿಸಿಕೊಳ್ಳಿ" ಎಂದು ಬರೆದೆ. ಯಾಕೆ ಅಂತ ಕೇಳಿದರೆ? ಹರಿದೆ. ಮತ್ತೆ ಬರೆದೆ. ಹರಿದೆ.

೩ ಮೇ

ನಾಳೆ ಕಾಗದ ಖಂಡಿತ ಅಂಚೆಗೆ ಹಾಕುತ್ತೇನೆ.

೧೩ ಜೂನ್

ಹಾಕಲಿಲ್ಲ.

ಬೆಳಿಗ್ಗೆ ಕುಬ್ರಾ ತಂತಿ ಹಿಡಿದು ಬಂದಳು. ಇಂಗ್ಲಿಷಿನಲ್ಲಿತ್ತು. ಮೇಷ್ಟ್ರಿಗೆ ಜ್ವರ, ಆಸ್ಪತ್ರೆಯಲ್ಲಿದ್ದಾರೆ, ಸ್ಥಿತಿ ಗಂಭೀರ. ಓದಿ ಹೇಳಿದೆ. 'ಗಂಭೀರ' ಬಿಟ್ಟು.

"ಅಣ್ಣಾ, ನೀವೇ ಸೂಜಿ ಹಾಕಿದ್ರಲ್ಲ. ಆ ಹಳದಿ ಜ್ವರ ಇರಲ್ಲ ಅಲ್ವಾ?"

"ಇರಲ್ಲಮ್ಮ."

"ಹಂಗಾದ್ರೆ ಸರಿ" ಅಂದಳು. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನಿಧಾನವಾಗಿ ಮನೆಗೆ ನಡೆದಳು. ನಂಬಿದಳು, ನನ್ನನ್ನು.

೧೬ ಜೂನ್, ಬೆಳಿಗ್ಗೆ ಹತ್ತು

ರಜೆ ಹಾಕಿದ್ದೇನೆ. ಇವತ್ತು ಯಾರ ತೋಳನ್ನೂ ಮುಟ್ಟಲಾರೆ.

ಅಂಚೆಯವನು ಪಕ್ಕದ ಮನೆಗೆ ಬಂದು ಹೋದ. ಕುಬ್ರಾ ನಮ್ಮ ಅಂಗಳಕ್ಕೆ ಬರುತ್ತಿದ್ದಾಳೆ. ಕೈಯಲ್ಲಿ ಇನ್ನೊಂದು ತಂತಿ, ಒಡೆದಿಲ್ಲ. "ಅವ್ರು ಹುಷಾರಾಗಿರ್ಬೇಕು, ಓದಿ ಅಣ್ಣಾ" ಅನ್ನುತ್ತಿದ್ದಾಳೆ. ಅದರಲ್ಲಿ ಏನೇ ಇರಲಿ, ಮೊದಲು ಇದನ್ನು ಹೇಳಿಬಿಡುತ್ತೇನೆ — ಅಮ್ಮಾ, ಆ ಸೂಜಿಯಲ್ಲಿ