ಗುರುತಿನ ಚೀಟಿಯ ಮುಖ

ಮಾರ್ಚ್ ೧೧, ಮಂಗಳವಾರ

ಬಸ್ಸಿನಲ್ಲಿ ತಂಗಿ ಆಡಿದ ಮಾತು ಇನ್ನೂ ತಲೆಯಲ್ಲಿ ಕೊರೆಯುತ್ತಿದೆ.

ಬೇಕರಿಯ ಒಲೆ ಸಿಡಿದ ದಿನ ಗುರುತಿನ ಚೀಟಿ ನನ್ನ ಏಪ್ರನ್ ಜೇಬಿನಲ್ಲಿತ್ತು. ಅದರ ಅಂಚೆಲ್ಲ ಕರಗಿ ಸುರುಟಿಕೊಂಡಿತ್ತು. ಫೋಟೋದಲ್ಲಿದ್ದ ಮುಖಕ್ಕೆ ಏನೂ ಆಗಿರಲಿಲ್ಲ. ಸುಟ್ಟಿದ್ದು ನನ್ನದು.

ಹೊಸ ಚೀಟಿಗೆಂದು ಇವತ್ತು ತಂಗಿಯನ್ನು ಕರೆದುಕೊಂಡು ಕಚೇರಿಗೆ ಹೋಗಿದ್ದೆ. ಬೆರಳಚ್ಚಿನ ಯಂತ್ರ ನನ್ನ ಸುಟ್ಟ ಬೆರಳುಗಳನ್ನು ಒಪ್ಪಲಿಲ್ಲ. ಕೌಂಟರಿನ ಹೆಂಗಸು ಫೋಟೋ ನೋಡಿದಳು, ನನ್ನನ್ನು ನೋಡಿದಳು, ಆಮೇಲೆ ತಂಗಿಯ ಕಡೆ ತಿರುಗಿದಳು.

"ತಪ್ಪು ತಿಳ್ಕೋಬೇಡಿ, ಕೇಳಲೇಬೇಕು. ಫೋಟೋದಲ್ಲಿರೋದು ಇವರೇನಾ?"

ತಂಗಿ ಚೀಟಿಯನ್ನು ಕೈಗೆತ್ತಿಕೊಂಡು ನೋಡುತ್ತಲೇ ನಿಂತುಬಿಟ್ಟಳು. ಹಿಂದಿದ್ದವರು ಗೊಣಗತೊಡಗಿದರು. ನನ್ನ ಜೊತೆ ಒಂದೇ ಹೊದಿಕೆಯಡಿ ಮಲಗಿ ಬೆಳೆದವಳು ಅವಳು. ಕೊನೆಗೆ "ಹೌದು, ನಮ್ಮಕ್ಕ" ಎಂದು ಸಹಿ ಹಾಕಿದಳು.

ಬಸ್ಸಿನಲ್ಲಿ ತಡೆಯಲಾರದೆ ಕೇಳಿಯೇಬಿಟ್ಟೆ. "ನನ್ನ ಗುರುತು ಸಿಗಲಿಲ್ವೇನೆ?"

"ನಿನ್ನ ಗುರುತು ಸಿಗದೆ ಏನಕ್ಕ. ಫೋಟೋದವಳದ್ದೇ ಸಿಗಲಿಲ್ಲ. ನೀನು ಹಾಗಿದ್ದೆ ಅನ್ನೋದೇ ನಂಗೆ ಮರೆತುಹೋಗಿದೆ." ಕಿಟಕಿಯ ಕಡೆ ತಿರುಗಿ ಕಣ್ಣೊರೆಸಿಕೊಂಡಳು.

ಅವಳಿಗೆ ನಾನೆಂದರೆ ಈಗಿನ ಈ ಮುಖವೇ. ಅದಕ್ಕೆ ಸಮಾಧಾನಪಡಬೇಕು, ಸ್ವಲ್ಪ ಹೊತ್ತು ಪಟ್ಟೆ ಕೂಡ. ಆದರೆ ಹಳೆಯ ಚೀಟಿಗೆ ತೂತು ಹೊಡೆದು ಕಚೇರಿಯವರೇ ಇಟ್ಟುಕೊಂಡರು. ಬೇರೆ ಫೋಟೋಗಳನ್ನು ಆಸ್ಪತ್ರೆಯಿಂದ ಬಂದ ವಾರವೇ ಹರಿದು ಹಾಕಿದ್ದೆ. ಆ ಮುಖವನ್ನು ಇನ್ನು ನಾನೊಬ್ಬಳೇ ನೆನಪಿಟ್ಟುಕೊಳ್ಳಬೇಕು.

ಈಗಷ್ಟೇ ಕಣ್ಣು ಮುಚ್ಚಿ ನೆನೆದು ನೋಡಿದೆ. ಹಣೆ ಬಂತು, ಹುಬ್ಬು ಬಂತು. ಬಾಯಿ ಹೇಗಿತ್ತೆಂದು ಎಷ್ಟು ಯೋಚಿಸಿದರೂ ನೆನಪಿಗೆ ಬರುತ್ತಿಲ್ಲ.