ತೊಳೆದ ಬಟ್ಟಲು

ಮಾರ್ಚ್ ೧೬, ಬೆಳಗ್ಗೆ

ನನ್ನ ಚೂಟಿ,

ತಂಗಿಯ ಮಗಳಾದರೂ ನನ್ನ ಹೆಗಲ ಮೇಲೆ ಬೆಳೆದವಳು ನೀನು. ನಿನ್ನ ಎರಡು ಕಾಗದ ಬಂದರೂ ಹದಿನೈದು ದಿನ ಉತ್ತರಿಸಲಿಲ್ಲ, ಮಾವನ ಮೇಲೆ ಮುನಿಸಿಕೊಳ್ಳಬೇಡ. ಬಿಡುವಿರಲಿಲ್ಲ ಎಂದರೆ ನೀನು ನಂಬುವವಳಲ್ಲ. ನಾಳೆ ನಾಳೆ ಎಂದು ಮುಂದೂಡಿದೆ, ಅಷ್ಟೆ.

ಪ್ರಯೋಗಾಲಯದ ನಿನ್ನ ಮೇಜಿಗೆ ಹೊಸ ಹುಡುಗಿ ಬಂದಿದ್ದಾಳೆ. ನೀನು ಬಿಟ್ಟುಹೋದ ಯುರೋಪಿಯಂ ಲೋಹದ ಹರಳಿನ ಶೀಶೆಯನ್ನು ನೇರಳೆ ದೀಪದ ಕೆಳಗೆ ಹಿಡಿದು, "ಅಯ್ಯೋ, ಕೆಂಡದ ಥರ ಹೊಳೀತಿದೆ ಅಜ್ಜ!" ಎಂದಳು. ಆ ಹರಳಿನೊಳಗೆ ಲೋಹದ ಗಂಟು, ಆಮ್ಲದ ಕಂಬಿ, ನಡುವೆ ಖಾಲಿ ಕೋಣೆಗಳು. "ಕಣ್ಣಿಗೆ ಕಾಣದ ಜೇನುಗೂಡು ಮಾವ" ಎಂದು ಬೆಂಕಿಕಡ್ಡಿ ಜೋಡಿಸಿ ಕಲಿಸಿದ್ದೆಯಲ್ಲ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನ ತಲೆಗೆ ಅದನ್ನೆಲ್ಲ ಹತ್ತಿಸಿದವಳು ನೀನೇ.

ನಿನ್ನ ಹರಳು ನೀರಿನ ಬಣ್ಣ ತೆಗೆಯುತ್ತದೆ ಎಂದು ನೀನು ಬರೆದದ್ದು ನಿಜವೇ ಎಂದು ನೋಡಲು ಕೂತ ಸಮಿತಿಯ ಪರೀಕ್ಷೆ ಮಾತ್ರ ಮರೆಯಲಾಗುತ್ತಿಲ್ಲ. ಅವರು ಕೊಟ್ಟ ಹೊಸ ಬಟ್ಟಲಲ್ಲಿ ನೀನು ಮೂರು ದಿನ ಬೇಯಿಸಿ ಹರಳು ಬೆಳೆಸಿದೆ. ಅದೇ ಕೆಂಪು ಹೊಳಪು, ಎಕ್ಸ್-ರೇ ಹಾಳೆಯಲ್ಲಿ ಅದೇ ಗೆರೆಗಳು. ಬಣ್ಣದ ನೀರಿಗೆ ಹಾಕಿ ದೀಪ ಹೊತ್ತಿಸಿದರೆ, ಮೊದಲು ಗಂಟೆಯೊಳಗೆ ತಿಳಿಯಾಗುತ್ತಿದ್ದ ನೀಲಿ ಐದು ಗಂಟೆಯಾದರೂ ಕದಲಲಿಲ್ಲ. ನೀನು ಅತ್ತುಬಿಟ್ಟೆ. "ಕಣ್ಣೀರಿಗೆ ಬಣ್ಣ ಹೋಗತ್ತೇನಮ್ಮ? ಹಾಗಿದ್ರೆ ಅದನ್ನೇ ಹಾಕು, ಹರಳು ಯಾಕೆ?" ಎಂದರು ನಿನ್ನ ಮೇಷ್ಟ್ರು. ಎಲ್ಲರೂ ನಕ್ಕರು. ಅಧ್ಯಕ್ಷರು ನನ್ನ ಕಡೆ ತಿರುಗಿ, "ಇವಳ ಪಾತ್ರೆ ತೊಳೀತಿದ್ದಿದ್ದು ನೀವೇ ಅಲ್ವೇನ್ರಿ? ಏನಾದ್ರೂ ಹೆಚ್ಚುಕಮ್ಮಿ?" ಎಂದು ಕೇಳಿದರು. "ಮೂವತ್ತೊಂದು ವರ್ಷದಲ್ಲಿ ಒಂದು ಕಲೆ ಉಳಿಸಿಲ್ಲ ಸ್ವಾಮಿ" ಎಂದೆ. ಹಾಗಾದರೆ ಹಳೆಯ ಅಂಕಿಗಳನ್ನು ನೀನೇ ಹುಟ್ಟಿಸಿದ್ದು ಎಂದು ಬರೆದುಕೊಂಡರು.

ಮರುವಿಚಾರಣೆಗೆ ನೀನು ಅರ್ಜಿ ಹಾಕಲಿಲ್ಲವೆಂದು ನಿನ್ನಮ್ಮ ಹೇಳಿದಳು. "ಹೇಳೋಕೆ ನನ್ನ ಹತ್ರ ಏನಿದೆ? ನಂಗೇ ನನ್ನ ಮೇಲೆ ಅನುಮಾನ ಬಂದಿದೆ" ಎಂದೆಯಂತೆ. ಔಷಧದಂಗಡಿಯ ಕೆಲಸ ಒಗ್ಗಿತೇ? ಹೊತ್ತಿಗೆ ಸರಿಯಾಗಿ ಉಣ್ಣು.

ನನ್ನದೂ ಒಂದು ಸುದ್ದಿ: ನಿನ್ನೆ ನಿವೃತ್ತಿಯಾದೆ. ತೊಳೆಯುವ ಕೋಣೆಯ ಬಾಗಿಲಿಗೆ ನನ್ನ ಹೆಸರಿನ ಹಿತ್ತಾಳೆ ಫಲಕ ಹಾಕಿದರು. 'ಕಲೆ ಉಳಿಸದ ಕೈ' ಎಂದು ಕೆತ್ತಿಸಿದ್ದಾರೆ. ನೀನಿರಬೇಕಿತ್ತು.

ಎಲ್ಲಿದ್ದರೂ ತಲೆಯೆತ್ತಿ ಬಾಳು ಮಗಳೇ.

ನಿನ್ನ ಮಾವ

ಮತ್ತೊಂದು ಮಾತು: ಉಗ್ರಾಣದವನು ಹೊಸ ಬಟ್ಟಲು ಕೊಡಲಿಲ್ಲವೆಂದು ನೀನು ಮುಖ ಸಪ್ಪಗೆ ಮಾಡಿಕೊಂಡಾಗ, ಮೂಲೆಯಲ್ಲಿದ್ದ ಟೆಫ್ಲಾನ್ ಬಟ್ಟಲನ್ನು ಉಜ್ಜಿ ಕೊಟ್ಟಿದ್ದೆನಲ್ಲ, ಅದರಲ್ಲಿ ಮೊದಲು ಬೇರೊಬ್ಬರು ಟೈಟಾನಿಯಂ ಪುಡಿ ಬೇಯಿಸುತ್ತಿದ್ದರು. ಆಮ್ಲದಲ್ಲಿ ಕುದಿಸದೆ ಆ ಪುಡಿ ಬಿಡುವುದಿಲ್ಲ. ನಿನಗೆ ಆತುರ, ನಾನು ಬರೀ ಬ್ರಷ್ಷಿನಲ್ಲಿ ತಿಕ್ಕಿದ್ದೆ. ಸಮಿತಿಯೆದುರೇ ನನಗೆ ಅನುಮಾನವಿತ್ತು. ಹದಿನೈದು ದಿನದ ಹಿಂದೆ ಆ ಬಟ್ಟಲಿಗೂ ಹೊಸದೊಂದಕ್ಕೂ ಹರಳಿಲ್ಲದ ನೀಲಿ ನೀರು ಹಾಕಿ ದೀಪದ ಕೆಳಗಿಟ್ಟೆ. ಹೊಸದರಲ್ಲಿ ನೀಲಿ ಹಾಗೇ ಇತ್ತು. ನಿನ್ನದರಲ್ಲಿ ತಿಳಿಯಾಯಿತು; ಬಣ್ಣ ತೆಗೆಯುತ್ತಿದ್ದದ್ದು ಹರಳಲ್ಲ, ಅಂಟಿ ಉಳಿದಿದ್ದ ಆ ಪುಡಿ. ನೀನು ಸುಳ್ಳು ಬರೆದಿರಲಿಲ್ಲ. ಮರುವಿಚಾರಣೆಯ ಅರ್ಜಿಗೆ ನಿನ್ನೆ ಕೊನೆಯ ದಿನವಾಗಿತ್ತು, ಅದಕ್ಕೇ ಇವತ್ತು ಬರೆಯುತ್ತಿದ್ದೇನೆ. ಬಟ್ಟಲನ್ನು ಆಮ್ಲದಲ್ಲಿ ಕುದಿಸಿ ಹೊಸ ಹುಡುಗಿಗೆ ಕೊಟ್ಟು ಬಂದೆ. ಈಗ ಒಂದು ಕಲೆಯೂ ಇಲ್ಲ.