ಅಂಗಡಿಯಿಂದ ತಂದ ಇಂಜಿನ್ನು

ಶೇಷಾದ್ರಿಯವರೇ,

ಇವತ್ತು ಪ್ಲಿಮತ್‌ನ ನಮ್ಮ ಮಾದರಿ ರೈಲು ಕ್ಲಬ್ಬಿನಲ್ಲಿ ಮೊಳದುದ್ದದ ಹೊಸ ಇಂಜಿನ್ನು ಓಡಿಸಿದೆ. ಬಿಡಿಭಾಗಗಳನ್ನು ಬೆಸೆದು ನಾನೇ ಕಟ್ಟಿದ್ದಲ್ಲ, ನಿಮ್ಮದರಂತೆ ಅಂಗಡಿಯಿಂದ ಸಿದ್ಧವಾಗಿ ತಂದದ್ದು. ಈಗ ನನ್ನ ಕೈಯೂ ನಡುಗುತ್ತದೆ.

ಹನ್ನೊಂದು ವರ್ಷದ ಹಿಂದೆ ನೀವು ತುಂಬಿದ ಸಭೆಯಲ್ಲೇ ಹೇಳಿದಿರಿ: "ಕೈ ನಡುಗುತ್ತೆ ಕಣ್ರೀ, ಬೆಸುಗೆ ಹಾಕಕ್ಕಾಗಲ್ಲ. ಅದಕ್ಕೇ ರೆಡಿಮೇಡ್ ತಗೊಂಡೆ."

"ಡಬ್ಬ ಬಿಚ್ಚೋದಕ್ಕೆ ಕ್ಲಬ್ ಯಾಕ್ರೀ? ಮನೇಲೇ ಆಟ ಆಡ್ಕೊಳ್ಳಿ" ಎಂದು ನಾನು ರೇಗಿದೆ. ಎಲ್ಲರೂ ನಕ್ಕರು. ಇಂಜಿನ್ನನ್ನು ಟವೆಲಿನಲ್ಲಿ ಸುತ್ತಿಕೊಂಡು ಹೋದ ನೀವು ಸಾಯುವವರೆಗೂ ಕ್ಲಬ್ಬಿಗೆ ಬರಲಿಲ್ಲ.

ಇವತ್ತು ಹೊಸ ಸದಸ್ಯೆ ಮಾಳವಿಕಾ ಬಗ್ಗಿ ನೋಡಿ, "ವಾವ್ ಅಂಕಲ್! ನೀವೇ ಬಿಲ್ಡ್ ಮಾಡಿದ್ರಾ?" ಎಂದಳು.

"ಹೂಂ ಕಣಮ್ಮ" ಎಂದೆ.

ಎಷ್ಟು ತಿಂಗಳು ಹಿಡಿಯಿತು ಎಂದು ಕೇಳಿದಳು. ಅದಕ್ಕೂ ಉತ್ತರ ಕೊಟ್ಟೆ.